ಸೇರುವ ಮೊದಲು ಒಂದು ಡಬ್ಬಿ ಮಾರಿ ನೋಡಿ

ಪ್ರಶ್ನೆ: ನಾನು ಖಾಸಗಿ ಶಾಲೆಯೊಂದರಲ್ಲಿ ಟೀಚರ್. ಸಂಬಳ 14 ಸಾವಿರ. ನಮ್ಮ ಯಜಮಾನರ ಚಿಕ್ಕಪ್ಪನ ಮಗ ಒಂದು ನೆಟ್‌ವರ್ಕ್ ಮಾರ್ಕೆಟಿಂಗ್ ಕಂಪನಿಗೆ ಸೇರಿದ್ದಾನೆ. ನಮ್ಮನ್ನೂ ಸೇರಿ ಅಂತ ಒತ್ತಾಯ ಮಾಡುತ್ತಿದ್ದಾನೆ. 18,500 ರೂಪಾಯಿ ಕಟ್ಟಿದರೆ ಪ್ರೋಟೀನ್ ಪೌಡರ್, ಜ್ಯೂಸ್, ಟೂತ್‌ಪೇಸ್ಟ್ ಎಲ್ಲ ಇರುವ ಪ್ಯಾಕೇಜ್ ಕೊಡುತ್ತಾರಂತೆ. ನಮ್ಮ ಕೆಳಗೆ ಎಡಕ್ಕೆ ಒಬ್ಬರು, ಬಲಕ್ಕೆ ಒಬ್ಬರು ಸೇರಿದರೆ ಒಂದು ಪೇರ್. ಪ್ರತಿ ಪೇರ್‌ಗೆ 2,000 ರೂಪಾಯಿ. ಕಂಪನಿ ರಿಜಿಸ್ಟರ್ ಆಗಿದೆ, ಜಿಎಸ್‌ಟಿ ನಂಬರ್ ಇದೆ, ಸರ್ಟಿಫಿಕೇಟ್ ನೋಡಿದೆ. ಸಂಘದಲ್ಲಿ ಸಾಲ ಎತ್ತಿ ಕಟ್ಟೋಣ ಅಂದುಕೊಂಡಿದ್ದೇನೆ. ಶನಿವಾರ ಮೀಟಿಂಗ್ ಇದೆ. ಇದನ್ನು ನಂಬಬಹುದಾ? ಏನು ನೋಡಿ ತೀರ್ಮಾನ ಮಾಡಬೇಕು?

ಉತ್ತರ: ಮೊದಲು ಒಂದು ಮಾತು. ಸಂಘದ ಸಾಲಕ್ಕೆ ಈ ವಾರ ಕೈ ಹಾಕಬೇಡಿ. ಮಿಕ್ಕಿದ್ದನ್ನು ಸಮಾಧಾನವಾಗಿ ಕೂತು ನೋಡೋಣ.

ನಾನು ಇಪ್ಪತ್ತು ವರ್ಷದಿಂದ ಜನರ ಆದಾಯ ತೆರಿಗೆ ಲೆಕ್ಕ ನೋಡುತ್ತಾ ಬಂದವನು. ಕಾರಿನ ಮುಂದೆ ನಿಂತ ಫೋಟೋ ತೋರಿಸುವ ಲೀಡರ್‌ಗಳ ರಿಟರ್ನ್ಸ್ ನೋಡಿದ್ದೇನೆ, ಅವರ ಕೆಳಗೆ ಸೇರಿ ಬಡ್ಡಿ ಕಟ್ಟುತ್ತಿರುವವರನ್ನೂ ನೋಡಿದ್ದೇನೆ. ಇಬ್ಬರ ಲೆಕ್ಕವನ್ನೂ ಅಕ್ಕಪಕ್ಕ ಇಟ್ಟು ನೋಡಿದವನಾಗಿ ಹೇಳುತ್ತಿದ್ದೇನೆ.

ನೀವು ಸರ್ಟಿಫಿಕೇಟ್ ನೋಡಿದ್ದೀರಿ. ಒಳ್ಳೆಯದೇ. ಆದರೆ ಅದು ಹೇಳುವುದು ಬಹಳ ಸಣ್ಣ ವಿಷಯ. ಯಾರು ಬೇಕಾದರೂ ಕೆಲವು ಸಾವಿರ ಖರ್ಚು ಮಾಡಿ ಕಂಪನಿ ರಿಜಿಸ್ಟರ್ ಮಾಡಿಸಬಹುದು. ಜಿಎಸ್‌ಟಿ ನಂಬರ್ ನಮ್ಮ ಬೀದಿಯ ಹಾರ್ಡ್‌ವೇರ್ ಅಂಗಡಿಗೂ ಇದೆ. ಈ ಕಂಪನಿ ದುಡ್ಡನ್ನು ಯಾರಿಂದ ತಂದು ಯಾರಿಗೆ ಕೊಡುತ್ತದೆ ಅನ್ನುವುದನ್ನು ಆ ಕಾಗದ ಯಾವುದೂ ಹೇಳುವುದಿಲ್ಲ. ನೋಡಬೇಕಾದದ್ದು ಅದೊಂದನ್ನೇ.

ಒಂದು ಹಾಳೆ, ಪೆನ್ ತಗೊಳ್ಳಿ. ನಿಮ್ಮ ಮೈದುನ ಹೇಳಿದ ಪ್ಲ್ಯಾನನ್ನೇ ಬರೆಯೋಣ. ಏನೂ ತಪ್ಪಾಗಲಿಲ್ಲ, ಯಾರೂ ಮೋಸ ಮಾಡಲಿಲ್ಲ, ಸೇರಿದವರೆಲ್ಲ ಹೇಳಿದ ಹಾಗೆ ಇಬ್ಬಿಬ್ಬರನ್ನು ಸೇರಿಸಿದರು ಅಂತಲೇ ಇಟ್ಟುಕೊಳ್ಳಿ. ಮೇಲೆ ಒಬ್ಬರು. ಅವರ ಕೆಳಗೆ 2, ಆಮೇಲೆ 4, 8, 16, 32. ಆರು ಸಾಲು, ಒಟ್ಟು 63 ಜನ. ತಲಾ 18,500ರಂತೆ ಕಟ್ಟಿದ್ದು 11,65,500 ರೂಪಾಯಿ.

ಈಗ ಯಾರಿಗೆ ಎಷ್ಟು ಬಂತು ನೋಡಿ. ಕೊನೆಯ ಸಾಲಿನ 32 ಜನರಿಗೆ ಕೆಳಗೆ ಯಾರೂ ಇಲ್ಲ, ಸೊನ್ನೆ. ಅವರ ಮೇಲಿನ 16 ಜನರಿಗೆ ಒಂದೊಂದು ಪೇರ್, ತಲಾ 2,000. ಅದರ ಮೇಲಿನ 8 ಜನರಿಗೆ, ಕೆಳಗಿನವರು ಸೇರಿಸಿದವರೂ ಲೆಕ್ಕಕ್ಕೆ ಬಂದು, ಎಡಕ್ಕೆ ಮೂವರು, ಬಲಕ್ಕೆ ಮೂವರು: ಮೂರು ಪೇರ್, 6,000. ಅದರ ಮೇಲಿನ 4 ಜನರಿಗೆ ಏಳು ಪೇರ್, 14,000. ಇಲ್ಲಿಗೆ 60 ಜನ ಆದರು. ಒಬ್ಬರಿಗೂ ಹಾಕಿದ 18,500 ವಾಪಸ್ ಬಂದಿಲ್ಲ. ಲಾಭ ನೋಡಿದ್ದು ಉಳಿದ 3 ಜನ ಮಾತ್ರ: ಎರಡನೇ ಸಾಲಿನ ಇಬ್ಬರಿಗೆ 30,000, ಮೇಲಿನ ಒಬ್ಬರಿಗೆ 62,000. ಎಲ್ಲ ಕಮಿಷನ್ ಕೂಡಿಸಿದರೆ 2,58,000. ಮಿಕ್ಕ 9,07,500 ರೂಪಾಯಿ ಕಂಪನಿಯ ಹತ್ತಿರ ಉಳಿಯಿತು, ಬದಲಿಗೆ 63 ಪೆಟ್ಟಿಗೆ ಸಾಮಾನು ಕಳಿಸಿದರು.

ಇನ್ನೂ ಒಂದು ಸಾಲು ಸೇರಿಸಿ, ಹತ್ತು ಸಾಲು ಸೇರಿಸಿ, ಲೆಕ್ಕ ಬದಲಾಗುವುದಿಲ್ಲ. ಯಾವತ್ತು ಲೆಕ್ಕ ಹಾಕಿದರೂ ಅರ್ಧಕ್ಕಿಂತ ಜಾಸ್ತಿ ಜನ ಕೊನೆಯ ಸಾಲಿನಲ್ಲಿರುತ್ತಾರೆ. ನೂರಕ್ಕೆ 94 ಜನರಿಗೆ ಅಸಲು ಹುಟ್ಟಿರುವುದಿಲ್ಲ. 26ನೇ ಸಾಲಿಗೆ ಬರುವಷ್ಟರಲ್ಲಿ ಒಟ್ಟು ಸಂಖ್ಯೆ 6.7 ಕೋಟಿ ದಾಟುತ್ತದೆ. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ 6.11 ಕೋಟಿ ಇತ್ತು, ತೊಟ್ಟಿಲಲ್ಲಿದ್ದ ಮಕ್ಕಳೂ ಸೇರಿ. ಮೀಟಿಂಗ್‌ನಲ್ಲಿ "ಸೋತವರು ಕಷ್ಟ ಪಡಲಿಲ್ಲ, ಅದಕ್ಕೇ ಸೋತರು" ಅಂತ ಹೇಳುತ್ತಾರೆ. ಆಗ ಈ 63 ಜನರ ಹಾಳೆ ನೆನಪಿಸಿಕೊಳ್ಳಿ. ಇದರಲ್ಲಿ ಎಲ್ಲರೂ ಕಷ್ಟ ಪಟ್ಟಿದ್ದಾರೆ ಅಂತಲೇ ಲೆಕ್ಕ ಹಿಡಿದಿದ್ದೇವೆ, ಅಲ್ವಾ?

ನಿಮ್ಮ ಮಟ್ಟಿಗೇ ನೋಡಿದರೆ, 18,500 ವಾಪಸ್ ಬರಲು ಹತ್ತು ಪೇರ್ ಆಗಬೇಕು, ಅಂದರೆ ನಿಮ್ಮ ಕೆಳಗೆ 20 ಜನ. ಆ 20 ಜನ ಕಟ್ಟುವುದು 3,70,000 ರೂಪಾಯಿ. ಅವರು ಯಾರು? ನಿಮ್ಮ ಜೊತೆ ಸ್ಟಾಫ್ ರೂಮಿನಲ್ಲಿ ಊಟ ಮಾಡುವ ಟೀಚರ್‌ಗಳು, ಸಂಘದ ಹೆಂಗಸರು, ನಿಮ್ಮ ತವರಿನವರು. ನಿಮ್ಮ ಹದಿನೆಂಟೂವರೆ ಸಾವಿರ ಹುಟ್ಟಿಸಲು ನಿಮಗೆ ಬೇಕಾದವರ ಕೈಯಿಂದ ಮೂರೂ ಮುಕ್ಕಾಲು ಲಕ್ಷದ ಹತ್ತಿರ ಹೊರಗೆ ಹೋಗಬೇಕು. ನನಗೆ ಈ ವ್ಯವಹಾರದಲ್ಲಿ ಎಲ್ಲಕ್ಕಿಂತ ಸಂಕಟ ಆಗುವುದು ಇಲ್ಲೇ.

"ಸುಮ್ನೆ ದುಡ್ಡು ತಗೊಳ್ಳಲ್ಲ, ಸಾಮಾನು ಕೊಡ್ತಾರಲ್ಲ" ಅಂತ ಮೈದುನ ಹೇಳಬಹುದು. ಸರಿ, ಹಾಗಾದರೆ ಸಾಮಾನಿನ ಬೆಲೆ ನೋಡೋಣ. ಪ್ಯಾಕೇಜ್‌ನಲ್ಲಿರುವ ಒಂದೊಂದೇ ಡಬ್ಬಿ ತಗೊಂಡು ಹಿಂದಿನ ಲೇಬಲ್ ಓದಿ. ಪ್ರೋಟೀನ್ ಪೌಡರ್ ಆದರೆ 100 ಗ್ರಾಂನಲ್ಲಿ ಪ್ರೋಟೀನ್ ಎಷ್ಟು ಗ್ರಾಂ ಅಂತ ಬರೆದಿರುತ್ತದೆ. ಅಷ್ಟೇ ಪ್ರೋಟೀನ್ ಇರುವ ಡಬ್ಬಿ ನಿಮ್ಮೂರಿನ ಮೆಡಿಕಲ್ ಶಾಪ್‌ನಲ್ಲಿ ಎಷ್ಟಕ್ಕೆ ಸಿಗುತ್ತದೆ ಕೇಳಿ. ಹೀಗೆ ಪೂರ್ತಿ ಪೆಟ್ಟಿಗೆಯ ಅಂಗಡಿ ಬೆಲೆ ಕೂಡಿಸಿ. ಅದು 6 ಸಾವಿರ ಬಂದರೆ ಮಿಕ್ಕ 12,500 ಸಾಮಾನಿನ ಬೆಲೆ ಅಲ್ಲ, ಸೇರುವ ಫೀಸು. ಪೆಟ್ಟಿಗೆಯೊಳಗೆ ಮುಚ್ಚಿಟ್ಟು ತಗೊಂಡಿದ್ದಾರೆ ಅಷ್ಟೇ.

ಇನ್ನೊಂದು ಪರೀಕ್ಷೆ ಇದೆ, ಇದನ್ನು ಖಂಡಿತ ಮಾಡಿ. ಮೈದುನನ ಹತ್ತಿರ ಎರಡು ಡಬ್ಬಿ ಕೇಳಿ ತಗೊಳ್ಳಿ, ಮಾರಿ ಆಮೇಲೆ ದುಡ್ಡು ಕೊಡುತ್ತೇನೆ ಅನ್ನಿ. ಹದಿನೈದು ದಿನ ಮಾರಲು ಪ್ರಯತ್ನಿಸಿ. ಷರತ್ತು ಒಂದೇ: ಸೇರುವ ವಿಷಯ ಬಾಯಿ ಬಿಡಬಾರದು. ಕಮಿಷನ್, ಪೇರ್, ಪಾಯಿಂಟ್ ಯಾವುದೂ ಇಲ್ಲ. "ಇದು ಪೌಡರ್, ಇಷ್ಟು ಬೆಲೆ, ಬೇಕಾ?" ಅಷ್ಟೇ. ನಿಮ್ಮ ಮೇಲಿನ ಮುಲಾಜಿಗೆ ಒಬ್ಬರು ಒಂದು ಸಲ ತಗೊಳ್ಳಬಹುದು. ಅದೇ ಮನುಷ್ಯರು ಡಬ್ಬಿ ಖಾಲಿಯಾದ ಮೇಲೆ ತಾವಾಗಿಯೇ ಫೋನ್ ಮಾಡಿ ಇನ್ನೊಂದು ಕೇಳಿದರೆ ಅಲ್ಲಿ ಒಂದು ವ್ಯಾಪಾರ ಇದೆ. ಯಾರೂ ಕೇಳದಿದ್ದರೆ, ಈ ಡಬ್ಬಿ ಕೊಳ್ಳುವವರು ಚೈನ್‌ನ ಒಳಗಿರುವವರು ಮಾತ್ರ, ಅವರೂ ಐಡಿ ಆಕ್ಟಿವ್ ಇರಲಿ, ಅಂದರೆ ಸದಸ್ಯತ್ವ ನಿಂತು ಹೋಗದಿರಲಿ ಅಂತ ಕೊಳ್ಳುತ್ತಾರೆ ಅಂತ ಅರ್ಥ.

ನಮ್ಮ ಅಕ್ಕ ಸೇರಿದ್ದು ಹದಿನೈದು ವರ್ಷದ ಹಿಂದೆ. ಕಂಪನಿ ಹೆಸರು ಈಗ ಬೇಡ. ಆಗ ನಾನು ಬೇರೆ ಊರಿನಲ್ಲಿದ್ದೆ, ನನಗೆ ಹೇಳಿರಲಿಲ್ಲ, ಹೇಳಿದ್ದರೂ ಆಗ ನನಗೆ ಈ ಲೆಕ್ಕ ಇಷ್ಟು ಬಿಡಿಸಿ ಹೇಳಲು ಬರುತ್ತಿತ್ತೋ ಇಲ್ಲವೋ. ಪ್ರತಿ ತಿಂಗಳು ಇಷ್ಟು ಪಾಯಿಂಟ್ ಮಾಡದಿದ್ದರೆ ಪೇಔಟ್ ಇಲ್ಲ ಅಂತ ನಿಯಮ. ಪಾಯಿಂಟ್ ಆಗಲಿ ಅಂತ ಅವಳೇ ಸಾಮಾನು ಕೊಳ್ಳುತ್ತಿದ್ದಳು. ಭಾವ ತೀರಿಕೊಂಡ ವರ್ಷ ಮನೆ ಖಾಲಿ ಮಾಡಲು ಹೋದಾಗ ಮಂಚದ ಕೆಳಗೆ ಹಳೇ ಸೀರೆ ಮುಚ್ಚಿಟ್ಟ ಎರಡು ರಟ್ಟಿನ ಪೆಟ್ಟಿಗೆ ಸಿಕ್ಕವು. ಒಳಗೆ ಹನ್ನೊಂದು ಡಬ್ಬಿ ಪೌಡರ್, ಸೀಲ್ ಕೂಡ ಒಡೆದಿಲ್ಲ, ಡೇಟ್ ಮುಗಿದು ಮೂರು ವರ್ಷ ಆಗಿತ್ತು. ಜೊತೆಗೆ ಒಂದು ಡೈರಿ. ಅದರ ಮೊದಲ ಪುಟದಲ್ಲಿ ಲೀಡರ್ ಬರೆಸಿದ ನೂರು ಹೆಸರು. ನನ್ನ ಹೆಸರು ಏಳನೆಯದು. ಪಕ್ಕದ ಮನೆಯ ಆಂಟಿ ಹೆಸರಿನ ಮುಂದೆ "ಗಂಡ ಒಪ್ಪಲ್ಲ, ಮತ್ತೆ ಹೋಗಬೇಕು" ಅಂತ ಬರೆದಿದ್ದಳು. ಆ ಆಂಟಿ ಆಮೇಲೆ ಅಕ್ಕನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದರಂತೆ. ಡಬ್ಬಿಗಳನ್ನು ಎಸೆಯುವಾಗ ಅಕ್ಕ ಒಂದು ಮಾತೂ ಆಡಲಿಲ್ಲ, ಡೈರಿ ಮಾತ್ರ ಕೇಳಿ ತಗೊಂಡಳು.

ಕಾನೂನಿನ ವಿಷಯಕ್ಕೆ ಬರುತ್ತೇನೆ. ನೆಟ್‌ವರ್ಕ್ ಮಾರ್ಕೆಟಿಂಗ್ ಎಲ್ಲವೂ ಕಾನೂನುಬಾಹಿರ ಅಂತ ನಾನು ಹೇಳುವುದಿಲ್ಲ. ನಮ್ಮ ದೇಶದಲ್ಲಿ ನೇರ ಮಾರಾಟಕ್ಕೆ ಅವಕಾಶ ಇದೆ, ಅದಕ್ಕೆ 2021ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಗ್ರಾಹಕ ರಕ್ಷಣೆ ಕಾಯ್ದೆಯ ಕೆಳಗೆ ಪ್ರತ್ಯೇಕ ನಿಯಮಗಳನ್ನೇ ತಂದಿದೆ. ಪಿರಮಿಡ್ ಸ್ಕೀಮ್, ಅಂದರೆ ಕೆಳಗೆ ಜನರನ್ನು ಸೇರಿಸಿದ್ದಕ್ಕೆ ಮೇಲಿನವರಿಗೆ ದುಡ್ಡು ಬರುವ ಯೋಜನೆ ನಡೆಸಬಾರದು, ಅದಕ್ಕೆ ಜನರನ್ನು ಸೇರಿಸಲೂ ಬಾರದು ಅಂತ ಅದರಲ್ಲಿ ಸ್ಪಷ್ಟವಾಗಿದೆ. ಸೇರುವವರ ಜೊತೆ ಲಿಖಿತ ಕರಾರು ಇರಬೇಕು, ದೂರು ಕೇಳಲು ಒಬ್ಬ ಅಧಿಕಾರಿ ಇರಬೇಕು, ಮನೆಗೆ ಬಂದು ಮಾರುವವರ ಹತ್ತಿರ ಗುರುತಿನ ಚೀಟಿ ಇರಬೇಕು. ಅದಕ್ಕೂ ಮೊದಲು 2016ರ ಮಾರ್ಗಸೂಚಿಯಲ್ಲಿ ಸೇರುವುದಕ್ಕೆ ಪ್ರವೇಶ ಶುಲ್ಕ ಇರಬಾರದು, ಮಾರಲು ಆಗುವುದಕ್ಕಿಂತ ಜಾಸ್ತಿ ಸಾಮಾನು ತಲೆಗೆ ಕಟ್ಟಬಾರದು, ಮನಸ್ಸು ಬದಲಾದರೆ ಹಿಂದೆ ಸರಿಯಲು ಸಮಯ ಕೊಡಬೇಕು, ಮಾರಾಟವಾಗದ ಒಳ್ಳೆಯ ಸಾಮಾನು ವಾಪಸ್ ತಗೊಳ್ಳಬೇಕು ಅಂತ ಹೇಳಿದ್ದರು. ಇದರ ಪಕ್ಕ ನಿಮ್ಮ 18,500ರ ಪ್ಯಾಕೇಜ್ ಇಟ್ಟು ನೋಡಿ.

ಜನರಿಗೆ ಗೊತ್ತೇ ಇಲ್ಲದ ಹಳೇ ಕಾಯ್ದೆ ಇನ್ನೊಂದಿದೆ. 1978ರದ್ದು, ಪ್ರೈಜ್ ಚಿಟ್ ಮತ್ತು ಹಣ ಚಲಾವಣೆ ಯೋಜನೆಗಳನ್ನು ನಿಷೇಧಿಸುವ ಕಾಯ್ದೆ. ಜನರನ್ನು ಸೇರಿಸಿದ್ದಕ್ಕೆ ದುಡ್ಡು ಬರುವ, ಸುಲಭವಾಗಿ ಬೇಗ ಹಣ ಮಾಡುವ ಯೋಜನೆಗಳು ಇದರ ಕೆಳಗೆ ಬರುತ್ತವೆ. ಮೂರು ವರ್ಷದವರೆಗೆ ಜೈಲು ಇದೆ. ಗಮನಿಸಬೇಕಾದದ್ದು ಏನೆಂದರೆ ತಪ್ಪಿತಸ್ಥರು ಕಂಪನಿ ಶುರು ಮಾಡಿದವರು ಮಾತ್ರ ಅಲ್ಲ. ಸದಸ್ಯರನ್ನು ಸೇರಿಸುವುದೂ, ಅದಕ್ಕಾಗಿ ದುಡ್ಡು ತಗೊಳ್ಳುವುದೂ ಅದರಲ್ಲಿ ಅಪರಾಧವೇ. ನಾಳೆ ನಿಮ್ಮ ಶಾಲೆಯ ಇನ್ನೊಬ್ಬ ಟೀಚರ್ ಪೊಲೀಸ್ ಸ್ಟೇಷನ್‌ಗೆ ಹೋದರೆ ಅವರು ಹೇಳುವ ಮೊದಲ ಹೆಸರು ನಿಮ್ಮದು. ಅವರಿಗೆ ಗೊತ್ತಿರುವುದು ನೀವು ಮಾತ್ರ ತಾನೇ?

"ನಮ್ಮದು ದೊಡ್ಡ ಕಂಪನಿ, ದೇಶವಿದೇಶದಲ್ಲಿದೆ" ಅನ್ನುವ ಮಾತೂ ಬರುತ್ತದೆ. ಆಮ್ವೇಗಿಂತ ದೊಡ್ಡ ಹೆಸರು ಈ ಕ್ಷೇತ್ರದಲ್ಲಿ ಇಲ್ಲ. 2022ರ ಏಪ್ರಿಲ್‌ನಲ್ಲಿ ಜಾರಿ ನಿರ್ದೇಶನಾಲಯ ಅದರ 757.77 ಕೋಟಿ ರೂಪಾಯಿ ಆಸ್ತಿಯನ್ನು ಮುಟ್ಟುಗೋಲು ಹಾಕಿತು. ನೇರ ಮಾರಾಟದ ಹೆಸರಲ್ಲಿ ಪಿರಮಿಡ್ ನಡೆಯುತ್ತಿದೆ, ಸಾಮಾನಿನ ಬೆಲೆ ವಿಪರೀತ ಜಾಸ್ತಿ ಅನ್ನುವುದು ಅವರ ಆರೋಪ. ಆರೋಪ ಆರೋಪವೇ, ಅದನ್ನು ತೀರ್ಪು ಅಂತ ನಾನು ಹೇಳುತ್ತಿಲ್ಲ. ಆದರೆ ದೊಡ್ಡ ಹೆಸರು ಇದ್ದ ಮಾತ್ರಕ್ಕೆ ಪ್ರಶ್ನೆ ಮುಗಿಯಲಿಲ್ಲ ಅನ್ನುವುದಂತೂ ನಿಜ. 2010ರಲ್ಲಿ ಸ್ಪೀಕ್ ಏಷ್ಯಾ ಅಂತ ಒಂದು ಕಂಪನಿ ಬಂದಿತ್ತು, ನೆನಪಿರಬಹುದು. 11,000 ಕಟ್ಟಿ, ಮನೆಯಲ್ಲೇ ಕೂತು ಇಂಟರ್‌ನೆಟ್‌ನಲ್ಲಿ ಸರ್ವೆ ತುಂಬಿ, ದುಡ್ಡು ತಗೊಳ್ಳಿ ಅಂದರು. ಶುರುವಿನಲ್ಲಿ ಸೇರಿದವರಿಗೆ ದುಡ್ಡು ಬಂದದ್ದು ನಿಜ, ಅದನ್ನು ನೋಡಿಯೇ ಮಿಕ್ಕವರು ಸೇರಿದರು. 2011ರಲ್ಲಿ ದುಡ್ಡು ನಿಂತಿತು. ಮೊದಲ ಪೇಔಟ್ ಬಂದದ್ದು ಯಾವುದಕ್ಕೂ ಸಾಕ್ಷಿ ಅಲ್ಲ. ಮೊದಮೊದಲು ಬಂದೇ ಬರುತ್ತದೆ.

ಅಮೆರಿಕದಲ್ಲಿ ಇದೇ ಪ್ರಶ್ನೆಯನ್ನು ಅಲ್ಲಿನ ವ್ಯಾಪಾರ ಆಯೋಗ ಹೇಗೆ ಬಿಡಿಸಿತು ಅನ್ನುವುದು ನಿಮ್ಮ ಉಪಯೋಗಕ್ಕೆ ಬರುತ್ತದೆ. 2016ರಲ್ಲಿ ಹರ್ಬಲೈಫ್ ಅನ್ನುವ ನೆಟ್‌ವರ್ಕ್ ಮಾರ್ಕೆಟಿಂಗ್ ಕಂಪನಿ 20 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಾಗ ಹಾಕಿದ ಷರತ್ತು ಏನು ಗೊತ್ತಾ? ಡಿಸ್ಟ್ರಿಬ್ಯೂಟರ್‌ಗೆ ಕೊಡುವ ಪ್ರತಿಫಲದಲ್ಲಿ ಮೂರನೇ ಎರಡು ಭಾಗವಾದರೂ ನಿಜವಾದ ಗ್ರಾಹಕರಿಗೆ ಮಾರಿದ, ಲೆಕ್ಕ ಇಟ್ಟು ಪರಿಶೀಲಿಸಿದ ಮಾರಾಟದಿಂದ ಬಂದಿರಬೇಕು. ನಾನು ಮೇಲೆ ಹೇಳಿದ ಎರಡು ಡಬ್ಬಿಯ ಪರೀಕ್ಷೆ ಇದನ್ನೇ ಸಣ್ಣದಾಗಿ ಮಾಡಿದ್ದು.

ಈಗ ಮೈದುನನನ್ನೂ ಅವನ ಅಪ್‌ಲೈನ್‌ನನ್ನೂ, ಅಂದರೆ ಚೈನ್‌ನಲ್ಲಿ ಅವನ ಮೇಲಿರುವವರನ್ನೂ, ಏನು ಕೇಳಬೇಕು ಅಂತ ಹೇಳುತ್ತೇನೆ. ಬ್ಯಾಂಕ್ ಮೆಸೇಜ್‌ನ ಸ್ಕ್ರೀನ್‌ಶಾಟ್, ಚೆಕ್ ಹಿಡಿದ ಫೋಟೋ ಯಾವುದೂ ಬೇಡ. ಅವರ 26ಎಎಸ್, ಅಂದರೆ ಅವರ ಹೆಸರಿನಲ್ಲಿ ಹಿಡಿದ ತೆರಿಗೆಯ ವಿವರ ಇರುವ ಪಟ್ಟಿ, ತೋರಿಸಲು ಹೇಳಿ. ಕಮಿಷನ್ ಕೊಡುವ ಕಂಪನಿ ಕೊಡುವಾಗಲೇ ಒಂದಷ್ಟು ತೆರಿಗೆ (ಟಿಡಿಎಸ್) ಹಿಡಿದು ಕಟ್ಟಬೇಕು, ಅದು ಆದಾಯ ತೆರಿಗೆ ಇಲಾಖೆಯ ವೆಬ್‌ಸೈಟ್‌ನಲ್ಲಿ ಅವರ ಪ್ಯಾನ್ ನಂಬರಿನ ಮೇಲೆ ಕಾಣುತ್ತದೆ. ಸಣ್ಣ ಪುಟ್ಟ ಮೊತ್ತ ಕಾಣದೇ ಇರಬಹುದು, ಆದರೆ ತಿಂಗಳಿಗೆ ಲಕ್ಷ ಬರುತ್ತದೆ ಅನ್ನುವವರದ್ದು ಕಾಣಲೇಬೇಕು. ಎರಡು ನಿಮಿಷದ ಕೆಲಸ, ಮೊಬೈಲ್‌ನಲ್ಲೇ ಆಗುತ್ತದೆ. ನನ್ನ ಹತ್ತಿರ ಬಂದ ಒಬ್ಬ ಲೀಡರ್ ವೇದಿಕೆ ಮೇಲೆ ತಿಂಗಳಿಗೆ ಎರಡು ಲಕ್ಷ ಅಂತ ಹೇಳುತ್ತಿದ್ದರು. ಅವರ 26ಎಎಸ್‌ನಲ್ಲಿ ಇಡೀ ವರ್ಷಕ್ಕೆ ಇದ್ದದ್ದು 91 ಸಾವಿರ. ಪೆಟ್ರೋಲ್, ಹಾಲ್ ಬಾಡಿಗೆ, ಸೆಮಿನಾರ್ ಟಿಕೆಟ್, ಸೂಟು ಎಲ್ಲ ಅದರಲ್ಲೇ ಹೋಗಬೇಕು. ಅವರು ಕೆಟ್ಟವರಲ್ಲ. ಬಂದಿಲ್ಲ ಅಂತ ಹೇಳಿದರೆ ಕೆಳಗಿನವರು ಬಿಟ್ಟು ಹೋಗುತ್ತಾರೆ ಅನ್ನುವ ಭಯ ಅವರದ್ದು.

ಇನ್ನೊಂದು, ಕರಾರು ಪತ್ರ ಮನೆಗೆ ತಂದು ಓದಿ. ಸೇರಿದ ಮೇಲೆ ಎಷ್ಟು ದಿನದೊಳಗೆ ಬೇಡ ಅಂದರೆ ಪೂರ್ತಿ ದುಡ್ಡು ವಾಪಸ್, ಸೀಲ್ ಒಡೆಯದ ಡಬ್ಬಿ ವಾಪಸ್ ತಗೊಳ್ಳುತ್ತಾರಾ, ತಗೊಂಡರೆ ಎಷ್ಟು ಕಡಿತ, ತಿಂಗಳಿಗೆ ಇಷ್ಟು ಕೊಳ್ಳಲೇಬೇಕು ಅಂತ ಏನಾದರೂ ಇದೆಯಾ, ಪೇರ್‌ಗೆ ಕ್ಯಾಪಿಂಗ್, ಅಂದರೆ ಇಷ್ಟು ಪೇರ್‌ಗೆ ಮಾತ್ರ ದುಡ್ಡು ಅನ್ನುವ ಮಿತಿ ಇದೆಯಾ. ಎಡಗಡೆ 50 ಜನ ಸೇರಿ ಬಲಗಡೆ 3 ಜನ ಇದ್ದರೆ ಸಿಗುವುದು ಮೂರೇ ಪೇರ್ ಅನ್ನುವುದನ್ನೂ ತಿಳಿದುಕೊಂಡಿರಿ. ಒಂದು ಕಡೆ ಉದ್ದ ಬೆಳೆದು ಇನ್ನೊಂದು ಕಡೆ ನಿಂತು ಹೋಗುವುದೇ ಜಾಸ್ತಿ.

ಆ ಜ್ಯೂಸ್ ಕುಡಿದರೆ ಶುಗರ್ ವಾಸಿಯಾಗುತ್ತದೆ ಅಂತ ಯಾರಾದರೂ ಹೇಳಿದರೆ ಅಲ್ಲಿಗೇ ನಿಲ್ಲಿಸಿ. ಶುಗರ್ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಮಾಡುವುದು 1954ರ ಕಾಯ್ದೆಯಲ್ಲೇ ನಿಷೇಧ. ಅದಕ್ಕಿಂತ ಮುಖ್ಯ, ಆ ಮಾತು ನಂಬಿ ಯಾರಾದರೂ ಮಾತ್ರೆ ಬಿಟ್ಟರೆ? ನಿಮ್ಮ ಬಾಯಿಂದ ಆ ಮಾತು ಹೋಗುವುದು ಬೇಡ.

ಸಂಘದ ಸಾಲದ ಬಗ್ಗೆ ನೇರವಾಗಿಯೇ ಹೇಳುತ್ತೇನೆ. ಅದು ಹತ್ತಿಪ್ಪತ್ತು ಹೆಂಗಸರು ವಾರವಾರ ಕೂಡಿಟ್ಟ ದುಡ್ಡು, ಇಲ್ಲವೇ ಅವರೆಲ್ಲರ ಹೊಣೆಯ ಮೇಲೆ ಬ್ಯಾಂಕ್ ಕೊಟ್ಟ ದುಡ್ಡು. ನೀವು ಅದನ್ನು ತಂದು ಕಟ್ಟುತ್ತೀರಿ. ಪೇರ್ ಆಗಬೇಕಲ್ಲ, ಮೊದಲು ಕೇಳುವುದು ಸಂಘದವರನ್ನೇ. ಅವರೂ ಅಲ್ಲೇ ಸಾಲ ಎತ್ತುತ್ತಾರೆ. ದುಡ್ಡು ಬರದಿದ್ದರೆ ಒಬ್ಬರ ಕಂತಲ್ಲ, ಒಂದೇ ತಿಂಗಳಲ್ಲಿ ಆರೇಳು ಜನರ ಕಂತು ನಿಲ್ಲುತ್ತದೆ. ಹೀಗೆ ಆಗಿ ಬಾಗಿಲು ಹಾಕಿದ ಸಂಘವನ್ನು ನಾನು ಕಣ್ಣಾರೆ ನೋಡಿದ್ದೇನೆ, ಆ ಹೆಂಗಸರು ಈಗಲೂ ಒಬ್ಬರಿಗೊಬ್ಬರು ಮಾತಾಡುವುದಿಲ್ಲ. 14 ಸಾವಿರ ಸಂಬಳದಲ್ಲಿ ಬಡ್ಡಿ ಕಟ್ಟುವುದು ನಿಮಗೂ ಸುಲಭ ಅಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ನೀವು ಬರೆದಿರುವ ಈ ಪ್ಲ್ಯಾನ್‌ಗೆ ಸೇರಬೇಡಿ. ದುಡ್ಡು ಬರುವುದು ಪೇರ್‌ಗೆ, ಡಬ್ಬಿ ಮಾರಿದ್ದಕ್ಕಲ್ಲ. ನನಗೆ ಅಷ್ಟು ಸಾಕು.

ಶನಿವಾರದ ಮೀಟಿಂಗ್‌ಗೆ ಹೋಗಲೇಬೇಕು, ಮನೆಯವರ ಮುಖ ನೋಡಬೇಕು ಅಂದರೆ ಹೋಗಿ ಬನ್ನಿ. ಚಪ್ಪಾಳೆ, ಹಾಡು, ಅಳು, "ಇವತ್ತೇ ಸೇರಿದರೆ ಮಾತ್ರ ಆಫರ್" ಎಲ್ಲ ಇರುತ್ತದೆ. ಎಟಿಎಂ ಕಾರ್ಡ್ ಮನೆಯಲ್ಲಿಡಿ. ಆಧಾರ್, ಪ್ಯಾನ್ ಫೋಟೋ ಯಾರಿಗೂ ಕಳಿಸಬೇಡಿ. "ಜಾಗ ಹಿಡಿದಿಡೋಣ, ದುಡ್ಡು ಆಮೇಲೆ ಕೊಡಿ" ಅಂತ ಐಡಿ ಹಾಕಿಸಿಬಿಡುತ್ತಾರೆ. ಆಮೇಲೆ ನಿಮ್ಮ ದುಡ್ಡು ನಾನೇ ಕಟ್ಟಿದ್ದೇನೆ ಅಂತ ಮೈದುನ ಬಂದು ನಿಂತರೆ ಇಲ್ಲ ಅನ್ನಲು ನಿಮಗೆ ಬಾಯಿ ಬರುವುದಿಲ್ಲ. ಆಗಲೇ ದುಡ್ಡು ಕೊಟ್ಟಾಗಿದ್ದರೆ ತಡ ಮಾಡದೆ ಅವತ್ತೇ ಬೇಡ ಅಂತ ಇಮೇಲ್‌ನಲ್ಲಿ ಬರೆದು ಕಳಿಸಿ, ಪೆಟ್ಟಿಗೆ ತೆರೆಯಬೇಡಿ. ಕಂಪನಿ ಉತ್ತರ ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೂ ಮಾತಾಡಬಹುದು.

ಮೈದುನನ ಮೇಲೆ ಸಿಟ್ಟಾಗಬೇಡಿ. ಅವನೂ 18,500 ಕಟ್ಟಿ ಕೂತಿದ್ದಾನೆ, ನೀವು ಅವನ ಎಡಗಡೆಯೋ ಬಲಗಡೆಯೋ ಆಗಬೇಕಾಗಿದೆ. ಎಲ್ಲರ ಮುಂದೆ ಬೇಡ, ಒಬ್ಬನೇ ಇದ್ದಾಗ ಕೂರಿಸಿಕೊಂಡು 63 ಜನರ ಹಾಳೆ ತೋರಿಸಿ. "ಸೇರಲ್ಲ ಕಣಪ್ಪ, ನಿನ್ನ ಹತ್ತಿರ ಮಿಕ್ಕಿರುವ ಟೂತ್‌ಪೇಸ್ಟ್ ಇದ್ದರೆ ಅಂಗಡಿ ರೇಟಿಗೆ ಕೊಡು, ತಗೊಳ್ತೀನಿ" ಅನ್ನಿ. ಅವನು ಸೇರಿ ಎಷ್ಟು ದಿನ ಆಯಿತು, ಪೆಟ್ಟಿಗೆ ತೆರೆದಿದ್ದಾನಾ ಅಂತಲೂ ಕೇಳಿ. ಕರಾರಿನಲ್ಲಿ ಕೊಟ್ಟ ಅವಧಿ ಇನ್ನೂ ಮುಗಿಯದಿದ್ದರೆ ಅವನ ದುಡ್ಡನ್ನೂ ವಾಪಸ್ ಕೇಳಬಹುದು. ಆ ಕರಾರು ಪತ್ರದ ಒಂದು ಪ್ರತಿ ನನಗೆ ಕಳಿಸಿ, ಅರ್ಜಿ ಹೇಗೆ ಬರೆಯಬೇಕು ಅಂತ ಹೇಳುತ್ತೇನೆ.